ಮನೆ ಕಂಪ್ಯೂಟರ್ ಭದ್ರತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದೆಲ್ಲ ಮನೆಯಲ್ಲೋ ಸಣ್ಣ ಆಫೀಸಿನಲ್ಲೋ ವಿಂಡೋಸ್ 11 ಬಳಸುವವರಿಗೆ. ಸೆಟ್ಟಿಂಗ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಸ್ಟಾರ್ಟ್ ಬಟನ್ ಒತ್ತಿ ಆ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಬಹಳಷ್ಟು ಅಲ್ಲೇ ಸಿಗುತ್ತವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಿಂಡೋಸ್‌ನಲ್ಲಿ ಬೇಕಾದ ಭದ್ರತೆ ಬಹುಪಾಲು ಆನ್ ಆಗಿಯೇ ಬರುತ್ತದೆ. ಎಡವಟ್ಟಾಗುವುದು ನಾವೋ, ನಮಗೆ ಸಹಾಯ ಮಾಡಲು ಬಂದವರೋ ಅದನ್ನು ಆಫ್ ಮಾಡಿದಾಗ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಅರ್ಧದಷ್ಟು, ಆಫ್ ಆಗಿರುವುದನ್ನು ಹುಡುಕಿ ಮತ್ತೆ ಆನ್ ಮಾಡುವ ಕೆಲಸವೇ.

ನನಗೆ ಇರುವುದು ಒಂದೇ ಗಂಟೆ ಬಿಡುವು. ಯಾವುದರಿಂದ ಶುರು ಮಾಡಲಿ?

ಮೊದಲು ವಿಂಡೋಸ್ ಅಪ್‌ಡೇಟ್ ತೆರೆದು ಬಾಕಿ ಇರುವುದನ್ನೆಲ್ಲ ಹಾಕಿಸಿ. ಅದು ಇಳಿಯುತ್ತಿರುವಾಗಲೇ ಮುಖ್ಯ ಫೈಲುಗಳನ್ನು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ. ಆಮೇಲೆ ನಿಮ್ಮ ಮುಖ್ಯ ಇಮೇಲ್ ಖಾತೆಗೆ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಆದ ಮೇಲೆ ಫೋನಿನಲ್ಲಿ ಸಿಗುವ ಕೋಡನ್ನೂ ಕೇಳುವುದು) ಹಾಕಿ. ಬ್ಯಾಂಕು, ಶಾಪಿಂಗ್, ಫೇಸ್‌ಬುಕ್, ಇವೆಲ್ಲದರ ಪಾಸ್‌ವರ್ಡ್ ಮರೆತಾಗ ಲಿಂಕ್ ಬರುವುದು ಆ ಇಮೇಲಿಗೇ ತಾನೇ? ಅದು ಹೋದರೆ ಉಳಿದದ್ದೆಲ್ಲ ಹಿಂದೆಯೇ ಹೋಗುತ್ತದೆ. ಇನ್ನೂ ಹೊತ್ತು ಉಳಿದರೆ ದಿನನಿತ್ಯದ ಬಳಕೆಗೆ ಬೇರೆ ಯೂಸರ್ ಅಕೌಂಟ್ ಮಾಡಿಕೊಳ್ಳಿ. ಮಾಡುವುದು ಹೇಗೆ ಅಂತ ಕೆಳಗಿದೆ.

ಆಂಟಿವೈರಸ್ ದುಡ್ಡು ಕೊಟ್ಟು ಕೊಳ್ಳಲೇಬೇಕಾ?

ಮನೆ ಬಳಕೆಗೆ ಬೇಡ. ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಪೂರ್ತಿ ಆಂಟಿವೈರಸ್ ಜೊತೆಗೇ ಬರುತ್ತದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೊಂಡರೆ ತಪ್ಪೇನಿಲ್ಲ. ಆದರೆ ಹೊಸ ಲ್ಯಾಪ್‌ಟಾಪಿನ ಜೊತೆ ಬಂದ ಟ್ರಯಲ್ ಆಂಟಿವೈರಸ್ ಅವಧಿ ಮುಗಿದು ಸುಮ್ನೆ ಕೂತಿರುವುದು ಮಾತ್ರ ಒಳ್ಳೆಯದಲ್ಲ. ಅದು ಕೆಲಸದಲ್ಲಿರುವಷ್ಟು ದಿನ ಡಿಫೆಂಡರ್ ಬದಿಗೆ ಸರಿದಿರುತ್ತದೆ. ಒಂದೋ ದುಡ್ಡು ಕಟ್ಟಿ, ಇಲ್ಲವೇ ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಡಿಫೆಂಡರ್ ತಾನಾಗಿಯೇ ಮತ್ತೆ ಎದ್ದು ಕೂರುತ್ತದೆ.

ಎರಡೆರಡು ಆಂಟಿವೈರಸ್ ಹಾಕಿದರೆ ಎರಡರಷ್ಟು ರಕ್ಷಣೆ ಸಿಗುವುದಿಲ್ಲ. ಕಂಪ್ಯೂಟರ್ ನಿಧಾನ ಆಗುತ್ತದೆ, ಅಷ್ಟೆ.

ಅಂಗಡಿಯವರು ವಿಂಡೋಸ್, ಆಫೀಸ್ ಎಲ್ಲ ಹಾಕಿ ಕೊಟ್ಟಿದ್ದಾರೆ. ‘ಆಕ್ಟಿವೇಟ್ ಆಗಿದೆ’ ಅಂದರು. ನಂಬಬಹುದಾ?

ನಂಬುವ ಮೊದಲು ಒಂದು ಜಾಗ ನೋಡಿ. ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್‌ಗೆ ಹೋಗಿ. ಅಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್ ಒತ್ತಿ. ರಿಯಲ್ ಟೈಮ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಎರಡೂ ಆನ್ ಇವೆಯಾ? ಆಮೇಲೆ ಅದೇ ಪುಟದ ಕೊನೆಗೆ ಇಳಿದು ಎಕ್ಸ್‌ಕ್ಲೂಷನ್ಸ್ ಒತ್ತಿ. ಸಾಮಾನ್ಯವಾಗಿ ಅದು ಖಾಲಿ ಇರಬೇಕು. ಕ್ರ್ಯಾಕ್ (ಲೈಸೆನ್ಸ್ ಇಲ್ಲದೆ ಕಳ್ಳದಾರಿಯಲ್ಲಿ ಆಕ್ಟಿವೇಟ್ ಮಾಡುವ ಫೈಲ್) ಹಾಕಿದ ಕಂಪ್ಯೂಟರಿನಲ್ಲಿ ಅಲ್ಲಿ ಒಂದು ಫೋಲ್ಡರಿನ ಹೆಸರು ಕಾಣಬಹುದು. ಕೆಲವೊಮ್ಮೆ ಇಡೀ ಸಿ ಡ್ರೈವೇ ಅಲ್ಲಿರುತ್ತದೆ. ‘ಈ ಜಾಗದಲ್ಲಿ ಏನೇ ಇದ್ದರೂ ನೋಡಬೇಡ’ ಎಂದು ಆಂಟಿವೈರಸ್ಸಿಗೆ ಹೇಳಿಟ್ಟ ಪಟ್ಟಿ ಅದು. ಸಿ ಡ್ರೈವ್ ಅಲ್ಲಿದ್ದರೆ ಡಿಫೆಂಡರ್ ಹಸಿರು ಟಿಕ್ ತೋರಿಸುತ್ತಾ ಕಣ್ಣು ಮುಚ್ಚಿ ಕೂತಿದೆ ಎಂದರ್ಥ. ಆ ಸಾಲುಗಳನ್ನು ತೆಗೆದುಹಾಕಿ ಫುಲ್ ಸ್ಕ್ಯಾನ್ ಕೊಡಿ.

ಕ್ರ್ಯಾಕ್ ಹಾಕುವ ವಿಡಿಯೋಗಳೆಲ್ಲ ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂದೇ ಶುರು ಆಗುತ್ತವೆ ಅಲ್ವಾ? ಆ ಫೈಲ್ ಒಳ್ಳೆಯದೋ ಕೆಟ್ಟದ್ದೋ ಹೇಳುವವರೇ ಇಲ್ಲದಂತಾಗಲಿ ಅಂತಲೇ ಹಾಗೆ. ಸ್ಟಾಪ್ ಅಥವಾ ಜಾವು ಎಂದು ಕರೆಯುವ ರ‍್ಯಾನ್ಸಮ್‌ವೇರ್ ಜಾಸ್ತಿ ಹರಡಿದ್ದೇ ಕ್ರ್ಯಾಕ್ ಫೈಲುಗಳ ಮೂಲಕ. ಮನೆಯ ಫೋಟೋ, ಮಗಳ ಪ್ರಾಜೆಕ್ಟ್, ಅಂಗಡಿ ಲೆಕ್ಕ ಎಲ್ಲದಕ್ಕೂ ಬೀಗ ಹಾಕಿ ಡಾಲರಿನಲ್ಲಿ ದುಡ್ಡು ಕೇಳುತ್ತದೆ ಅದು.

ಲೈಸೆನ್ಸಿಗೆ ಸದ್ಯಕ್ಕೆ ದುಡ್ಡಿಲ್ಲ ಎಂದಾದರೆ ವಿಂಡೋಸನ್ನು ಆಕ್ಟಿವೇಟ್ ಮಾಡದೆ ಬಿಡುವುದು ಕ್ರ್ಯಾಕ್ ಹಾಕುವುದಕ್ಕಿಂತ ಎಷ್ಟೋ ವಾಸಿ. ಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂದು ಮಸುಕಾಗಿ ಕಾಣುತ್ತದೆ, ವಾಲ್‌ಪೇಪರ್ ಬದಲಿಸಲು ಬಿಡುವುದಿಲ್ಲ. ಆದರೆ ಭದ್ರತಾ ಅಪ್‌ಡೇಟ್ ಬರುತ್ತಲೇ ಇರುತ್ತದೆ. ಆಫೀಸಿನ ಬದಲು ಲಿಬ್ರೆಆಫೀಸ್ ಹಾಕಿಕೊಳ್ಳಿ. ಅದು ಉಚಿತ, ಮೆನು ಕೂಡ ಕನ್ನಡದಲ್ಲಿ ಸಿಗುತ್ತದೆ.

ಅಪ್‌ಡೇಟ್ ಯಾವಾಗಲೂ ಕೆಲಸದ ಮಧ್ಯೆಯೇ ಬರುತ್ತದೆ. ನಿಲ್ಲಿಸಿಬಿಡಲಾ?

ಬೇಡ. ಬರುವ ಹೊತ್ತನ್ನು ಬದಲಿಸಿಕೊಳ್ಳಿ. ಅಪ್‌ಡೇಟ್ ಸೆಟ್ಟಿಂಗಿನಲ್ಲಿ ಆಕ್ಟಿವ್ ಅವರ್ಸ್ ಎಂದಿದೆ. ನೀವು ಕೆಲಸ ಮಾಡುವ ಹೊತ್ತನ್ನು ಅಲ್ಲಿ ತಿಳಿಸಿದರೆ ಆಗ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಮೈಕ್ರೋಸಾಫ್ಟ್ ದೊಡ್ಡ ಭದ್ರತಾ ಅಪ್‌ಡೇಟ್ ಬಿಡುವುದು ತಿಂಗಳ ಎರಡನೇ ಮಂಗಳವಾರ. ನಮ್ಮ ಗಡಿಯಾರಕ್ಕೆ ಅದು ಮಂಗಳವಾರ ರಾತ್ರಿ. ಬುಧವಾರ ಸಂಜೆ ಕೆಲಸ ಮುಗಿಸಿ ನೀವೇ ಒಮ್ಮೆ ರೀಸ್ಟಾರ್ಟ್ ಕೊಟ್ಟರೆ ಗೋಳಿಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, 2017ರ ಮೇ 12ರಂದು ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟ್‌ಗಳೇ ರದ್ದಾದವು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟ್ ಬಂದದ್ದು ಅದೇ ವರ್ಷದ ಮಾರ್ಚ್ 14ಕ್ಕೆ. ಔಷಧಿ ಬಂದು ಎರಡು ತಿಂಗಳಾದ ಮೇಲೂ ಹಾಕಿಸಿಕೊಳ್ಳದ ಕಂಪ್ಯೂಟರುಗಳೇ ಜಾಸ್ತಿ ಸಿಕ್ಕಿಬಿದ್ದವು.

ವಿಂಡೋಸ್ ಒಂದೇ ಅಲ್ಲ, ಬ್ರೌಸರನ್ನೂ ಮುಚ್ಚಿ ತೆರೆಯಿರಿ. ಕ್ರೋಮ್ ಅಪ್‌ಡೇಟ್ ಇಳಿಸಿಕೊಂಡು ಕಾಯುತ್ತಿರುತ್ತದೆ. ನಲವತ್ತು ಟ್ಯಾಬ್ ತೆರೆದಿಟ್ಟು ವಾರಗಟ್ಟಲೆ ಮುಚ್ಚದಿದ್ದರೆ ಅದು ಹಾಕಿಕೊಳ್ಳುವುದಾದರೂ ಹೇಗೆ? ವಿನ್‌ರಾರ್ ಇದ್ದರೆ ಅದರ ಕಡೆಯೂ ಗಮನ ಇರಲಿ. ಅದು ತಾನಾಗಿ ಅಪ್‌ಡೇಟ್ ಆಗುವುದಿಲ್ಲ. 2023ರಲ್ಲೂ 2025ರಲ್ಲೂ ಅದರಲ್ಲಿ ದೊಡ್ಡ ಲೋಪಗಳು ಸಿಕ್ಕಿವೆ, ಕಳ್ಳರು ಬಳಸಿಯೂ ಇದ್ದಾರೆ. ವರ್ಷಗಳ ಹಿಂದೆ ಹಾಕಿ ಮರೆತದ್ದಾದರೆ ತೆಗೆದುಹಾಕಿ, ಅವರದೇ ಸೈಟಿನಿಂದ ಹೊಸದನ್ನು ಹಾಕಿಕೊಳ್ಳಿ.

ನನ್ನದು ಇನ್ನೂ ವಿಂಡೋಸ್ 10. ಎಸೆಯಬೇಕಾ?

ಎಸೆಯಬೇಡಿ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಮಾತ್ರ ಕೊಡುವ ಇಎಸ್‌ಯು ಎಂಬ ಯೋಜನೆ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆ ಸೇರಬಹುದು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಎನ್‌ರೋಲ್ ಎಂಬ ಲಿಂಕ್ ಕಾಣುತ್ತದೆ.

ಅಷ್ಟರಲ್ಲಿ ಮುಂದಿನ ದಾರಿ ನೋಡಿಕೊಳ್ಳಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಕೆಲವು ಲ್ಯಾಪ್‌ಟಾಪುಗಳಲ್ಲಿ ಅದು ಇದ್ದೂ ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲು ಓಡುವ ಮೂಲ ಪ್ರೋಗ್ರಾಂ) ಆಫ್ ಆಗಿರುತ್ತದೆ. ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟ್ ಆ್ಯಪ್ ಹಾಕಿದರೆ ನಿಮ್ಮದಕ್ಕೆ ಏನು ಕೊರತೆ ಅಂತ ಹೇಳುತ್ತದೆ. ಆಗುವುದೇ ಇಲ್ಲ ಎಂದರೆ, ಬ್ರೌಸಿಂಗ್ ಮತ್ತು ಟೈಪಿಂಗ್ ಅಷ್ಟೇ ಮಾಡುವವರಿಗೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಧಾರಾಳ ಸಾಕು.

ಬೇರೆ ಯೂಸರ್ ಅಕೌಂಟ್ ಮಾಡಿ ಅಂತೀರಲ್ಲ, ಮನೆಯಲ್ಲಿ ಬಳಸುವುದು ನಾನೊಬ್ಬನೇ. ಯಾಕೆ ಬೇಕು?

ಹೊಸ ವಿಂಡೋಸಿನಲ್ಲಿ ಮೊದಲು ಮಾಡುವ ಅಕೌಂಟ್ ಅಡ್ಮಿನಿಸ್ಟ್ರೇಟರ್ ಆಗಿರುತ್ತದೆ. ಅದರಲ್ಲಿ ಏನನ್ನಾದರೂ ಇನ್‌ಸ್ಟಾಲ್ ಮಾಡುವಾಗ ಪರದೆ ಮಸುಕಾಗಿ ‘ಯೆಸ್, ನೋ’ ಕೇಳುತ್ತದೆ. ಯುಎಸಿ ಎಂದು ಅದರ ಹೆಸರು, 2007ರ ವಿಸ್ಟಾದಿಂದ ಇದೆ. ಹತ್ತು ಸಲ ಕೇಳಿದ ಮೇಲೆ ಕೈ ತಾನಾಗಿ ಯೆಸ್ ಒತ್ತುತ್ತದೆ. ಕಣ್ಣು ಓದುವುದೇ ಇಲ್ಲ.

ಸ್ಟ್ಯಾಂಡರ್ಡ್ ಅಕೌಂಟ್‌ನಲ್ಲಿ ಹಾಗಲ್ಲ. ಅದು ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಟೈಪ್ ಮಾಡುವ ನಾಲ್ಕು ಸೆಕೆಂಡಿನಲ್ಲಿ ‘ಇದನ್ನು ನಾನೇ ಶುರು ಮಾಡಿದ್ದಾ?’ ಎಂಬ ಯೋಚನೆ ಬರುತ್ತದೆ. ಹತ್ತು ವರ್ಷದ ಮಗ ಗೇಮ್ ಎಂದು ಏನನ್ನೋ ಒತ್ತಿದರೆ ಅದು ಇಡೀ ಕಂಪ್ಯೂಟರಿಗೆ ಕೈ ಹಾಕುವ ಮೊದಲು ಅಲ್ಲಿ ನಿಲ್ಲುತ್ತದೆ.

ಮಾಡುವುದು ಹೀಗೆ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರಲ್ಲಿ ಅದರ್ ಯೂಸರ್ಸ್. ಅಲ್ಲಿ ಹೊಸ ಅಕೌಂಟ್ ಒಂದನ್ನು ಸೇರಿಸಿ, ಚೇಂಜ್ ಅಕೌಂಟ್ ಟೈಪ್ ಒತ್ತಿ ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ. ಗಟ್ಟಿ ಪಾಸ್‌ವರ್ಡ್ ಕೊಟ್ಟು ಒಮ್ಮೆ ಅದರಿಂದ ಲಾಗಿನ್ ಆಗಿ ನೋಡಿ. ಸರಿ ಇದ್ದರೆ ಅದರಿಂದಲೇ ನಿಮ್ಮ ಹಳೆಯ ಅಕೌಂಟನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಫೈಲುಗಳು, ಡೆಸ್ಕ್‌ಟಾಪ್ ಏನೂ ಬದಲಾಗುವುದಿಲ್ಲ. ಹೊಸ ಅಡ್ಮಿನ್ ಪಾಸ್‌ವರ್ಡ್ ಬರೆದಿಡುವುದನ್ನು ಮಾತ್ರ ಮರೆಯಬೇಡಿ. ಇರುವ ಒಂದೇ ಅಡ್ಮಿನ್ ಅಕೌಂಟಿನ ಪಾಸ್‌ವರ್ಡ್ ಮರೆತರೆ ಪಜೀತಿ.

ಯುಎಸಿಯಲ್ಲಿ ನಾಲ್ಕು ಹಂತದ ಸ್ಲೈಡರ್ ಇದೆ. ಯಾರೋ ಕಿರಿಕಿರಿ ಎಂದು ಅದನ್ನು ತೀರಾ ಕೆಳಕ್ಕೆ ಎಳೆದಿದ್ದರೆ ಮತ್ತೆ ಮೇಲಕ್ಕೆ ತನ್ನಿ. ತೀರಾ ಮೇಲಿನ ಹಂತ ನನಗೆ ಇಷ್ಟ, ಮೇಲಿನಿಂದ ಎರಡನೆಯದೂ ಆದೀತು.

ನಾಲ್ಕಂಕಿಯ ಪಿನ್ ಪಾಸ್‌ವರ್ಡಿಗಿಂತ ಭದ್ರ ಅಂತಾರೆ. ಇದು ಹೇಗೆ ಸಾಧ್ಯ?

ಪಿನ್ ಕೆಲಸ ಮಾಡುವುದು ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ. ನಿಮ್ಮ ಪಿನ್ ಯಾರಿಗಾದರೂ ಗೊತ್ತಾದರೂ ದೂರದಲ್ಲಿ ಕೂತು ನಿಮ್ಮ ಖಾತೆಗೆ ನುಗ್ಗಲು ಆಗದು. ಲ್ಯಾಪ್‌ಟಾಪೇ ಕೈಯಲ್ಲಿರಬೇಕು. ಒಂದೊಂದೇ ಸಂಖ್ಯೆ ಹಾಕಿ ನೋಡೋಣ ಎಂದರೆ ಮೇಲೆ ಹೇಳಿದ ಟಿಪಿಎಂ ಚಿಪ್ ನಡುವೆಯೇ ತಡೆಯುತ್ತದೆ. ಆದರೂ ನಾಲ್ಕರ ಬದಲು ಆರಂಕಿ ಇಡಿ, ಹುಟ್ಟಿದ ವರ್ಷ ಬೇಡ. ಎದ್ದು ಹೋಗುವಾಗ ವಿಂಡೋಸ್ ಕೀ ಮತ್ತು ಎಲ್ ಒಟ್ಟಿಗೆ ಒತ್ತಿ ಲಾಕ್ ಮಾಡಿ.

ಲ್ಯಾಪ್‌ಟಾಪ್ ಕಳುವಾದರೆ ಪಾಸ್‌ವರ್ಡ್ ಇದೆಯಲ್ಲ, ಸಾಲದಾ?

ಸಾಲದು. ಡಿಸ್ಕಿಗೆ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದ ಹಾಗೆ ಬೀಗ) ಇಲ್ಲದಿದ್ದರೆ ಸ್ಕ್ರೂಡ್ರೈವರ್ ಸಾಕು. ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿದರೆ ನಿಮ್ಮ ಫೈಲುಗಳೆಲ್ಲ ಪೆನ್‌ಡ್ರೈವಿನಲ್ಲಿ ಇದ್ದ ಹಾಗೆ ತೆರೆದುಕೊಳ್ಳುತ್ತವೆ, ಪಾಸ್‌ವರ್ಡ್ ಕೇಳುವವರೇ ಇರುವುದಿಲ್ಲ. ಹೋಮ್ ಆವೃತ್ತಿಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ ಅಡಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ನೋಡಿ. ಪ್ರೊ ಆದರೆ ಬಿಟ್‌ಲಾಕರ್.

ಈಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಇದು ಸದ್ದಿಲ್ಲದೆ ಆನ್ ಆಗಿರುವುದೂ ಉಂಟು. ಇಲ್ಲೇ ಒಂದು ಅಪಾಯ ಇದೆ. ಮದರ್‌ಬೋರ್ಡ್ ಬದಲಾದರೆ, ಬಯಾಸ್ ಅಪ್‌ಡೇಟ್ ಎಡವಟ್ಟಾದರೆ, ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಅಂಗಡಿಯವರೂ ಏನೂ ಮಾಡಲಾರರು, ಮೈಕ್ರೋಸಾಫ್ಟೂ ಏನೂ ಮಾಡಲಾರದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಅಪ್‌ಡೇಟ್ ಕೆಟ್ಟು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದಾಗ ಎಷ್ಟೋ ಕಂಪನಿಗಳ ಐಟಿಯವರು ಒದ್ದಾಡಿದ್ದು ಈ ಕೀಗಾಗಿಯೇ. ಹಾಗಾಗಿ ಇವತ್ತೇ ಫೋನಿನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ಅಡಿಯಲ್ಲಿ ಕೀ ಕಾಣುತ್ತದಾ ನೋಡಿ. ಒಂದು ಹಾಳೆಯಲ್ಲಿ ಬರೆದು ಮನೆ ಪತ್ರಗಳ ಜೊತೆ ಇಡಿ. ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ಸೇವ್ ಮಾಡಿದರೆ ಉಪಯೋಗಕ್ಕೆ ಬಾರದು ಅಂತ ಬೇರೆ ಹೇಳಬೇಕಿಲ್ಲ.

ರ‍್ಯಾನ್ಸಮ್‌ವೇರ್ ತಡೆಯಲು ವಿಂಡೋಸ್‌ನಲ್ಲೇ ಏನೋ ಇದೆಯಂತೆ?

ಇದೆ, ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಎಂದು. ಇದು ಮಾತ್ರ ಆಫ್ ಆಗಿ ಬರುತ್ತದೆ. ಆನ್ ಮಾಡಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರುಗಳಲ್ಲಿ ಪರಿಚಯವಿಲ್ಲದ ಪ್ರೋಗ್ರಾಂ ಏನನ್ನೂ ಬದಲಿಸಲಾಗದು. ಕಿರಿಕಿರಿಯೂ ಇದೆ. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್, ಕೆಲವು ಗೇಮ್ ‘ಸೇವ್ ಆಗ್ತಿಲ್ಲ’ ಎನ್ನುತ್ತವೆ. ಅಲ್ಲೇ ‘ಅಲೋ ಆ್ಯನ್ ಆ್ಯಪ್’ ಒತ್ತಿ ಅದೊಂದಕ್ಕೆ ಅನುಮತಿ ಕೊಡಬೇಕು. ಒಂದೆರಡು ದಿನ ತಾಳ್ಮೆ ಇದ್ದವರು ಮಾಡಿಕೊಳ್ಳಿ.

ನಿಜವಾದ ಕಾಪು ಬ್ಯಾಕಪ್. ಅದೂ ಕಳಚಿಟ್ಟ ಡಿಸ್ಕಿನ ಬ್ಯಾಕಪ್. ಸದಾ ಚುಚ್ಚಿಯೇ ಇರುವ ಹಾರ್ಡ್ ಡಿಸ್ಕಿಗೂ ರ‍್ಯಾನ್ಸಮ್‌ವೇರ್ ಬೀಗ ಹಾಕುತ್ತದೆ, ಅದಕ್ಕೆ ಸಿ ಡ್ರೈವೂ ಒಂದೇ ಇ ಡ್ರೈವೂ ಒಂದೇ.

ಪೆನ್‌ಡ್ರೈವನ್ನು ಜೆರಾಕ್ಸ್ ಅಂಗಡಿಗೆ ಕೊಟ್ಟು ತಂದೆ. ಈಗ ಎಲ್ಲ ಫೋಲ್ಡರೂ ಶಾರ್ಟ್‌ಕಟ್ ಆಗಿವೆ!

ಫೋಲ್ಡರುಗಳು ಎಲ್ಲೂ ಹೋಗಿಲ್ಲ. ಅವನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ ವೈರಸ್. ಹತ್ತಿರದಿಂದ ನೋಡಿದರೆ ಹಳದಿ ಫೋಲ್ಡರಿನ ಎಡಮೂಲೆಯಲ್ಲಿ ಸಣ್ಣ ಬಾಣದ ಗುರುತಿರುತ್ತದೆ, ಟೈಪ್ ಎಂಬ ಕಾಲಂನಲ್ಲಿ ‘ಶಾರ್ಟ್‌ಕಟ್’ ಎಂದಿರುತ್ತದೆ. ಅದನ್ನು ಒತ್ತಿದರೆ ಮೊದಲು ವೈರಸ್ ಓಡಿ, ಆಮೇಲೆ ನಿಮ್ಮ ನಿಜವಾದ ಫೋಲ್ಡರ್ ತೆರೆಯುತ್ತದೆ. ಎಲ್ಲ ಸರಿ ಇದೆ ಅನ್ನಿಸುತ್ತದೆ.

ಒತ್ತಬೇಡಿ. ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್ ಸ್ಕ್ಯಾನ್ ಕೊಡಿ. ನಂತರ ವ್ಯೂ, ಶೋ, ಹಿಡನ್ ಐಟಮ್ಸ್ ಟಿಕ್ ಮಾಡಿದರೆ ಮಸುಕು ಬಣ್ಣದಲ್ಲಿ ಅಸಲಿ ಫೋಲ್ಡರ್ ಕಾಣಬಹುದು. ಬೇಕಾದ ಫೈಲನ್ನು ತೆಗೆದುಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ.

ಮುಂದಿನ ಸಲ ಪ್ರಿಂಟ್‌ಗೆ ಬೇರೆಯೇ ಸಣ್ಣ ಪೆನ್‌ಡ್ರೈವ್ ಇಟ್ಟುಕೊಳ್ಳಿ, ಅದರಲ್ಲಿ ಪ್ರಿಂಟ್ ಆಗಬೇಕಾದ ಫೈಲ್ ಬಿಟ್ಟು ಬೇರೇನೂ ಬೇಡ. ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡಿ.

ಅದೇ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದನ್ನೂ ಟಿಕ್ ಮಾಡಿ. ವಿಂಡೋಸ್ ಹೆಸರಿನ ಬಾಲವನ್ನು ಮುಚ್ಚಿಡುತ್ತದೆ. ‘ಇನ್‌ವಾಯ್ಸ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂಬ ಪ್ರೋಗ್ರಾಂ ನಿಮಗೆ ‘ಇನ್‌ವಾಯ್ಸ್ ಡಾಟ್ ಪಿಡಿಎಫ್’ ಎಂದಷ್ಟೇ ಕಾಣುತ್ತದೆ. 2000ದ ಮೇ ತಿಂಗಳಲ್ಲಿ ಜಗತ್ತನ್ನೇ ಕಾಡಿದ ಐ ಲವ್ ಯೂ ವೈರಸ್ ಹೀಗೇ ಟೆಕ್ಸ್ಟ್ ಫೈಲಿನ ವೇಷದಲ್ಲಿ ಬಂದಿತ್ತು. ಇಷ್ಟು ವರ್ಷ ಆದರೂ ಇದನ್ನು ಮುಚ್ಚಿಡುವುದೇ ಡಿಫಾಲ್ಟ್. ಯಾಕೋ ಗೊತ್ತಿಲ್ಲಪ್ಪ!

ಪರದೆಯ ಮೂಲೆಯಲ್ಲಿ ‘ನಿಮ್ಮ ಪಿಸಿಯಲ್ಲಿ 5 ವೈರಸ್’ ಎಂದು ದಿನಾ ಬರುತ್ತಿದೆ. ಸ್ಕ್ಯಾನ್ ಮಾಡಿದರೆ ಏನೂ ಇಲ್ಲ.

ಏನೂ ಇರಲಿಕ್ಕಿಲ್ಲ. ಸಿನಿಮಾ ಇಳಿಸುವ ಸೈಟೋ, ಕ್ರಿಕೆಟ್ ಲೈವ್ ತೋರಿಸುವ ಸೈಟೋ ಯಾವತ್ತೋ ‘ಅಲೋ ಒತ್ತಿ, ಆಮೇಲೆ ವಿಡಿಯೋ ಶುರು ಆಗುತ್ತದೆ’ ಎಂದಿರುತ್ತದೆ. ನೀವು ಒತ್ತಿದ್ದು ನೋಟಿಫಿಕೇಷನ್ ಕಳಿಸಲು ಅನುಮತಿ. ಆ ಬಾಕ್ಸನ್ನು ಸರಿಯಾಗಿ ಓದಿ ನೋಡಿ, ಮೇಲೆ ಆಂಟಿವೈರಸ್ಸಿನ ಲೋಗೋ ಇದ್ದರೂ ಕೆಳಗೆ ಸಣ್ಣ ಅಕ್ಷರದಲ್ಲಿ ಗೂಗಲ್ ಕ್ರೋಮ್ ಎಂದೂ ಯಾವುದೋ ತಲೆಬುಡವಿಲ್ಲದ ಸೈಟಿನ ಹೆಸರೂ ಇರುತ್ತದೆ.

ಕ್ರೋಮ್ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್. ಅಲ್ಲಿ ಅನುಮತಿ ಇರುವ ಸೈಟುಗಳ ಪಟ್ಟಿ ಇರುತ್ತದೆ. ಗುರುತಿಲ್ಲದ್ದನ್ನೆಲ್ಲ ತೆಗೆಯಿರಿ. ಇನ್ನು ಮುಂದೆ ಯಾವ ಸೈಟೂ ಕೇಳದ ಹಾಗೆ ಅಲ್ಲೇ ಮಾಡಬಹುದು. ನನಗಂತೂ ನೋಟಿಫಿಕೇಷನ್ ಕಳಿಸಲೇಬೇಕಾದ ಸೈಟ್ ಒಂದೂ ನೆನಪಿಗೆ ಬರುತ್ತಿಲ್ಲ.

ಇದರ ಅಣ್ಣ ಇನ್ನೊಬ್ಬ ಇದ್ದಾನೆ. ಇಡೀ ಪರದೆ ತುಂಬಿ, ಕುಂಯ್ ಎಂದು ಸದ್ದು ಮಾಡಿ, ‘ಈ ನಂಬರಿಗೆ ಫೋನ್ ಮಾಡಿ’ ಎನ್ನುವುದು. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದಿಲ್ಲ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಆಮೇಲೆ ಆಲ್ಟ್ ಮತ್ತು ಎಫ್4. ಬ್ರೌಸರ್ ಮತ್ತೆ ತೆರೆದಾಗ ‘ರಿಸ್ಟೋರ್’ ಕೇಳಿದರೆ ಬೇಡ ಎನ್ನಿ.

‘ನಾನು ರೋಬೋಟ್ ಅಲ್ಲ’ ಎಂದು ತೋರಿಸಲು ಒಂದು ಸೈಟ್ ವಿಂಡೋಸ್ ಕೀ ಮತ್ತು ಆರ್ ಒತ್ತಿ ಅಂತು. ಇದು ಹೊಸದಾ?

ಮೋಸ. 2024ರಿಂದ ಈಚೆಗೆ ತುಂಬಾ ಕಾಣುತ್ತಿದೆ, ಕ್ಲಿಕ್‌ಫಿಕ್ಸ್ ಎನ್ನುತ್ತಾರೆ. ಆಗುವುದು ಹೀಗೆ: ನೀವು ಟಿಕ್ ಮಾಡುವಾಗಲೇ ಆ ಸೈಟ್ ಒಂದು ಕಮಾಂಡನ್ನು ನಿಮ್ಮ ಕ್ಲಿಪ್‌ಬೋರ್ಡಿಗೆ ಕಾಪಿ ಮಾಡಿರುತ್ತದೆ. ವಿಂಡೋಸ್ ಮತ್ತು ಆರ್ ಒತ್ತಿದರೆ ರನ್ ಬಾಕ್ಸ್ ತೆರೆಯುತ್ತದೆ. ಕಂಟ್ರೋಲ್ ವಿ ಒತ್ತಿದರೆ ಆ ಕಮಾಂಡ್ ಅಲ್ಲಿ ಬೀಳುತ್ತದೆ. ಬಾಕ್ಸ್ ಚಿಕ್ಕದು, ಹಾಗಾಗಿ ಸಾಲಿನ ಕೊನೆಯಲ್ಲಿರುವ ‘ವೆರಿಫಿಕೇಷನ್’ ಎಂಬ ಮಾತಷ್ಟೇ ಕಾಣುತ್ತದೆ. ಹಿಂದಿರುವ ಪವರ್‌ಶೆಲ್ ಕಮಾಂಡ್ ಕಾಣುವುದಿಲ್ಲ. ಎಂಟರ್ ಒತ್ತಿದರೆ ಮುಗಿಯಿತು, ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಇಳಿದು ಓಡುತ್ತದೆ. ಆ ಕಮಾಂಡ್ ಓಡಿಸಿದ್ದು ನೀವೇ ಆದ್ದರಿಂದ ಎಷ್ಟೋ ತಡೆಗಳು ಅಡ್ಡ ಬರುವುದೇ ಇಲ್ಲ. ಹೀಗೆ ಹರಡುತ್ತಿದ್ದ ಲುಮಾ ಎಂಬ ಕಳ್ಳ ಪ್ರೋಗ್ರಾಮಿನ ಜಾಲವನ್ನು 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಪೊಲೀಸರು ಸೇರಿ ಕೆಡವಿದರು. ಆದರೆ ಉಪಾಯ ಮಾತ್ರ ಚಾಲ್ತಿಯಲ್ಲೇ ಇದೆ.

ಯಾವ ಕ್ಯಾಪ್ಚಾವೂ ಬ್ರೌಸರಿನ ಹೊರಗೆ ಏನನ್ನೂ ಮಾಡಿ ಎನ್ನುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಇದೊಂದನ್ನು ಹೇಳಿಡಿ, ಮಕ್ಕಳಿಗೂ.

ಕಸ್ಟಮರ್ ಕೇರ್‌ನವರು ಎನಿಡೆಸ್ಕ್ ಹಾಕಿ ಅಂದರು. ಹಾಕಲಾ?

ನೀವೇ ಕರೆ ಮಾಡಿದ, ಪರಿಚಯದ ಟೆಕ್ನಿಷಿಯನ್ ಆದರೆ ಸರಿ. ಅವರಾಗಿಯೇ ಕರೆ ಮಾಡಿದ್ದರೆ, ಅಥವಾ ಗೂಗಲ್‌ನಲ್ಲಿ ಹುಡುಕಿ ಸಿಕ್ಕ ನಂಬರ್ ಆದರೆ, ಬೇಡವೇ ಬೇಡ. ದೂರದಿಂದಲೇ ಇನ್ನೊಬ್ಬರ ಕಂಪ್ಯೂಟರ್ ನಡೆಸಲು ಇರುವ ಆ್ಯಪ್ ಅದು, ಅದರಲ್ಲಿ ದೋಷ ಇಲ್ಲ. ಆದರೆ ಒಂಬತ್ತಂಕಿ ಅಥವಾ ಹತ್ತಂಕಿಯ ನಂಬರ್ ಹೇಳಿ ‘ಆಕ್ಸೆಪ್ಟ್’ ಒತ್ತಿದ ಮೇಲೆ ನಿಮ್ಮ ಪರದೆ, ಮೌಸ್ ಎರಡೂ ಅವರದ್ದು. ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಈ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಹಿಂದೆ ಯಾವಾಗಲೋ ಹಾಕಿದ್ದು ಉಳಿದಿದ್ದರೆ ಇವತ್ತೇ ತೆಗೆಯಿರಿ.

ಪಾಸ್‌ವರ್ಡ್‌ಗಳನ್ನು ಬ್ರೌಸರಿನಲ್ಲಿ ಸೇವ್ ಮಾಡಬಹುದಾ?

ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಬ್ರೌಸರಿನಲ್ಲಿ ಬೇರೆ ಬೇರೆ ಸೇವ್ ಮಾಡುವುದು ಖಂಡಿತ ವಾಸಿ. ಅದಕ್ಕಿಂತ ಬಿಟ್‌ವಾರ್ಡನ್, ಕೀಪಾಸ್‌ಎಕ್ಸ್‌ಸಿ ತರದ ಪಾಸ್‌ವರ್ಡ್ ಮ್ಯಾನೇಜರ್ ಉತ್ತಮ. ಮೇಲೆ ಹೇಳಿದ ಕಳ್ಳ ಪ್ರೋಗ್ರಾಂಗಳು ಮೊದಲು ತಡಕಾಡುವುದು ಬ್ರೌಸರಿನ ಖಜಾನೆಯನ್ನೇ. ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಮಾತ್ರ ಎಲ್ಲೂ ಸೇವ್ ಮಾಡದೆ ನೆನಪಿನಲ್ಲಿಡಿ, ಇಲ್ಲವೇ ಡೈರಿಯಲ್ಲಿ ಬರೆದು ಬೀರುವಿನಲ್ಲಿಡಿ. ಹಗರಿಬೊಮ್ಮನಹಳ್ಳಿಯ ನಿಮ್ಮ ಬೀರುವಿಗೆ ರಷ್ಯಾದ ಕಳ್ಳ ಕೈ ಹಾಕಲಾರ.

ಎರಡು ಹಂತದ ಲಾಗಿನ್ನಿನ ಎರಡನೇ ಹಂತಕ್ಕೆ ಎಸ್‌ಎಂಎಸ್‌ಗಿಂತ ಫೋನಿನಲ್ಲೇ ಕೋಡ್ ತೋರಿಸುವ ಆಥೆಂಟಿಕೇಟರ್ ಆ್ಯಪ್ ಒಳ್ಳೆಯದು. ಆ್ಯಪ್ ರಗಳೆ ಅನ್ನಿಸಿದರೆ ಎಸ್‌ಎಂಎಸ್ಸೇ ಇರಲಿ, ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು.

ಆಧಾರ್ ಪಿಡಿಎಫ್ ಡೌನ್‌ಲೋಡ್ಸ್‌ನಲ್ಲೇ ಇದೆ. ಅದಕ್ಕೆ ಪಾಸ್‌ವರ್ಡ್ ಇದೆಯಲ್ಲ?

ಇದೆ, ಆದರೆ ಯಾವ ಪಾಸ್‌ವರ್ಡ್? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ. ನಿಮ್ಮ ಬರ್ತ್‌ಡೇಗೆ ಹಾರೈಸಿದವರಿಗೆಲ್ಲ ಅರ್ಧ ಗೊತ್ತು. ಕಳಿಸಬೇಕಾದಲ್ಲಿ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಹಣಿ ಸ್ಕ್ಯಾನ್ ಎಲ್ಲವನ್ನೂ ಡೌನ್‌ಲೋಡ್ಸ್‌ನಿಂದ ತೆಗೆದು ಒಂದು ಫೋಲ್ಡರಿಗೆ ಹಾಕಿ, ಬೇಡದ್ದನ್ನು ಅಳಿಸಿ. ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆದ ಮೇಲೆ ಅವರ ಕಂಪ್ಯೂಟರಿನಿಂದ ಅಳಿಸಿ, ರಿಸೈಕಲ್ ಬಿನ್ನೂ ಖಾಲಿ ಮಾಡಿ, ವಾಟ್ಸಾಪ್ ವೆಬ್ ಲಾಗೌಟ್ ಮಾಡಿ. ಮರೆತು ಬಂದಿದ್ದರೆ ಫೋನಿನಲ್ಲಿ ವಾಟ್ಸಾಪಿನ ಲಿಂಕ್ಡ್ ಡಿವೈಸಸ್ ತೆರೆದು ಅಲ್ಲಿಂದಲೇ ಹೊರಹಾಕಬಹುದು.

ಜಿಎಸ್‌ಟಿ, ಟೆಂಡರ್‌ಗೆ ಡಿಜಿಟಲ್ ಸಿಗ್ನೇಚರ್ ಟೋಕನ್ ಬಳಸುವವರು ಕೆಲಸ ಮುಗಿದ ಕೂಡಲೇ ಕಳಚಿ. ಅದು ನಿಮ್ಮ ಸಹಿ.

ಕನ್ನಡ ಟೈಪಿಂಗ್‌ಗೆ ಸಾಫ್ಟ್‌ವೇರ್ ಹುಡುಕಿದರೆ ಹತ್ತಾರು ಸೈಟ್ ಬರುತ್ತವೆ. ಯಾವುದು ಸುರಕ್ಷಿತ?

ಮೊದಲ ಉತ್ತರ, ಏನನ್ನೂ ಇಳಿಸಬೇಡಿ. 2019ರ ಮೇ ಅಪ್‌ಡೇಟಿನಿಂದ ವಿಂಡೋಸ್‌ನಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ. ಸೆಟ್ಟಿಂಗ್ಸ್‌ನ ಲ್ಯಾಂಗ್ವೇಜ್ ಪುಟದಲ್ಲಿ ಕನ್ನಡ ಸೇರಿಸಿದರಾಯಿತು. ನುಡಿಯೇ ಬೇಕು, ಆಫೀಸಿನಲ್ಲಿ ಅದೇ ಫಾಂಟು ಕೇಳುತ್ತಾರೆ ಎಂದರೆ ಕನ್ನಡ ಗಣಕ ಪರಿಷತ್ತಿನ ಸೈಟಿನಿಂದಲೇ ತೆಗೆದುಕೊಳ್ಳಿ. ಬೇರೆ ಸೈಟುಗಳಲ್ಲಿ ದೊಡ್ಡ ಹಸಿರು ‘ಡೌನ್‌ಲೋಡ್’ ಬಟನ್ ಇರುತ್ತದಲ್ಲ, ಎಷ್ಟೋ ಸಲ ಅದು ನುಡಿಯದ್ದಲ್ಲ, ಜಾಹೀರಾತಿನದ್ದು.

ವೈಫೈ ರೂಟರ್‌ಗೆ ಏನು ಮಾಡಬೇಕು?

ಕೇಬಲ್‌ನವರು ಹಾಕಿಕೊಟ್ಟ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ರೂಟರಿನ ಒಳಗೆ ಹೋಗುವ ಪಾಸ್‌ವರ್ಡ್. ಬಹಳ ಕಡೆ ಇನ್ನೂ ‘ಅಡ್ಮಿನ್, ಅಡ್ಮಿನ್’ ಎಂದೇ ಇರುತ್ತದೆ. 2016ರಲ್ಲಿ ಮಿರಾಯ್ ಎಂಬ ಕಳ್ಳ ಪ್ರೋಗ್ರಾಂ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ಹಿಡಿದದ್ದು ಇಂಥ ಪಾಸ್‌ವರ್ಡ್‌ಗಳ ಪಟ್ಟಿ ಇಟ್ಟುಕೊಂಡೇ. ವೈಫೈ ಸೆಕ್ಯುರಿಟಿ ಎಂಬಲ್ಲಿ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇರಲಿ, ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಬದಲು ಬಟನ್ನಿನಿಂದಲೋ ಪಿನ್‌ನಿಂದಲೋ ವೈಫೈಗೆ ಸೇರಿಸುವ ಸೌಲಭ್ಯ) ಆಫ್ ಮಾಡಿ. ಲಾಡ್ಜ್, ಬಸ್‌ಸ್ಟ್ಯಾಂಡ್ ವೈಫೈ ಬಳಸುವಾಗ ವಿಂಡೋಸ್ ಕೇಳಿದರೆ ಪಬ್ಲಿಕ್ ನೆಟ್‌ವರ್ಕ್ ಎಂದೇ ಹೇಳಿ. ಹೊರಗಿನಿಂದ ನುಗ್ಗುವುದನ್ನು ತಡೆಯುವ ಫೈರ್‌ವಾಲ್ ಬಿಗಿಯಾಗುತ್ತದೆ.

ಕ್ಲೀನರ್, ಬೂಸ್ಟರ್, ಡ್ರೈವರ್ ಅಪ್‌ಡೇಟರ್?

ಯಾವುದೂ ಬೇಡ.

ನನ್ನದು ಮ್ಯಾಕ್. ವೈರಸ್ ಬರಲ್ಲ ಅಲ್ವಾ?

ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಫೈಲ್‌ವಾಲ್ಟ್ (ಮ್ಯಾಕಿನ ಡಿಸ್ಕ್ ಎನ್‌ಕ್ರಿಪ್ಷನ್) ಆನ್ ಇದೆಯಾ ನೋಡಿ. ಮ್ಯಾಕಿನ ಫೈರ್‌ವಾಲ್ ಡಿಫಾಲ್ಟ್ ಆಗಿ ಆಫ್ ಇರುತ್ತದೆ, ಅದನ್ನೂ ಆನ್ ಮಾಡಿ. ಯಾವುದಾದರೂ ಸೈಟ್ ಟರ್ಮಿನಲ್‌ನಲ್ಲಿ ಏನನ್ನೋ ಪೇಸ್ಟ್ ಮಾಡಿ ಎಂದರೆ, ಮೇಲಿನ ಕ್ಯಾಪ್ಚಾ ಕಥೆಯೇ ಅದು.

ಎಡವಟ್ಟು ಆಗಿಯೇ ಹೋಗಿದೆ. ಈಗ ಏನು ಮಾಡಲಿ?

ಮೊದಲು ಇಂಟರ್ನೆಟ್ ತಪ್ಪಿಸಿ. ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕೀಳಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಹೋದ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತಾ ಇರುತ್ತದೆ, ನಡುವೆ ಎಲ್ಲಾದರೂ ತಡೆಯಬೇಕಾದರೆ ಬೇಗ ಹೇಳಿದಷ್ಟೂ ಒಳ್ಳೆಯದು. ಲಿಖಿತ ದೂರನ್ನು ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ಕೊಡಬಹುದು. ಮೆಸೇಜು, ಟ್ರಾನ್ಸಾಕ್ಷನ್ ನಂಬರು, ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ.

ಪಾಸ್‌ವರ್ಡ್‌ಗಳನ್ನು ಬದಲಿಸಿ, ಆದರೆ ಅದೇ ಕಂಪ್ಯೂಟರಿನಿಂದ ಅಲ್ಲ. ಕಳ್ಳ ಇನ್ನೂ ಒಳಗೇ ಇದ್ದರೆ ಹೊಸದನ್ನೂ ಓದುತ್ತಾನೆ. ಫೋನಿನಿಂದ ಮಾಡಿ, ಮೊದಲು ಇಮೇಲ್, ನಂತರ ಬ್ಯಾಂಕ್. ಇಮೇಲ್ ಖಾತೆಯಲ್ಲಿ ‘ಎಲ್ಲ ಡಿವೈಸ್‌ಗಳಿಂದ ಸೈನ್ ಔಟ್’ ಕೊಡಿ. ಅದು ಕೊಡದಿದ್ದರೆ ಕದ್ದ ಕುಕಿಯಿಂದ (ನೀವು ಲಾಗಿನ್ ಆಗಿದ್ದೀರಿ ಎಂದು ಬ್ರೌಸರ್ ಇಟ್ಟುಕೊಳ್ಳುವ ಗುರುತು) ಪಾಸ್‌ವರ್ಡ್ ಇಲ್ಲದೆಯೂ ಅವರು ಒಳಗೆ ಇರಬಹುದು. ಮೇಲ್ ಫಾರ್ವರ್ಡಿಂಗ್ ಯಾರದೋ ವಿಳಾಸಕ್ಕೆ ಹಾಕಿದ್ದಾರಾ ಅಂತಲೂ ನೋಡಿ, ಇದನ್ನು ಬಹಳ ಜನ ಮರೆಯುತ್ತಾರೆ.

ಕಂಪ್ಯೂಟರಿನಲ್ಲಿ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಅದು ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ, ಸುಮಾರು ಕಾಲು ಗಂಟೆ ಹಿಡಿಯುತ್ತದೆ. ಪಾಸ್‌ವರ್ಡ್ ಕಳ್ಳನೋ ರ‍್ಯಾನ್ಸಮ್‌ವೇರೋ ಬಂದದ್ದು ಖಚಿತವಾದರೆ ನಾನು ಸ್ಕ್ಯಾನ್ ನಂಬಿ ಸುಮ್ಮನಿರುವುದಿಲ್ಲ. ಫೈಲುಗಳನ್ನು ತೆಗೆದಿಟ್ಟುಕೊಂಡು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೇ ಸರಿ. ಅದಕ್ಕೆ ಬೇಕಾದ ಮೀಡಿಯಾ ಕ್ರಿಯೇಷನ್ ಟೂಲ್ ಮೈಕ್ರೋಸಾಫ್ಟ್ ಸೈಟಿನಲ್ಲಿ ಉಚಿತ, 8 ಜಿಬಿ ಪೆನ್‌ಡ್ರೈವ್ ಸಾಕು. ಪೆನ್‌ಡ್ರೈವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತಯಾರು ಮಾಡಿಕೊಳ್ಳಿ.